ಚಳಿಯಕ್ಕನ ಕೊಲೆಗಳೂ ಉಮರಾಕನ ಬಾಗಿಲೂ

ನಮ್ಮ ಮನೆಯಲ್ಲಿ ಕೊಲೆ ನಡೆಯುವುದು ಶುಕ್ರವಾರ ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟ ಮೇಲೆ. ಹೊರಗೆ ಬಹರೈನಿನ ಸನದ್‌ನ ಬಿಸಿಲಿಗೆ ನಿಲ್ಲಿಸಿದ ಕಾರಿನ ಬಾಗಿಲು ಮುಟ್ಟುವ ಹಾಗಿರುವುದಿಲ್ಲ. ಒಳಗೆ ಏಸಿ ಗುರುಗುಟ್ಟುತ್ತಿರುತ್ತದೆ, ಅದರ ಜೊತೆಗೆ ನಮ್ಮವರ ಗೊರಕೆಯೂ ಸೇರಿರುತ್ತದೆ. ನಾನು ಸೋಫಾದ ಮೇಲೆ ಕಾಲು ಮಡಚಿ ಕೂತು, ಮೊಣಕಾಲಿನವರೆಗೆ ಹೊದಿಕೆ ಎಳೆದುಕೊಂಡು, ಭೂಮಿಯ ನೆತ್ತಿಯ ಮೇಲಿರುವ ಯಾವುದೋ ಹಿಮದ ಊರಿನಲ್ಲಿ ಹೆಣ ಸಿಗುವುದನ್ನು ಕಾಯುತ್ತಿರುತ್ತೇನೆ. ಮೊದಲ ಅಧ್ಯಾಯದಲ್ಲಿ ಸಿಗದಿದ್ದರೆ ನನಗೆ ಚಡಪಡಿಕೆ. ಗ್ಯಾಸಿನ ಮೇಲೆ ಇಟ್ಟ ಹಾಲು ಇನ್ನೂ ಉಕ್ಕಲಿಲ್ಲವಲ್ಲ ಎನ್ನುವ ಹಾಗೆ.

ಆ ಕಾದಂಬರಿಗಳನ್ನು ಬರೆಯುವಾಕೆಯ ಹೆಸರು ಹೇಳಲು ನನ್ನ ನಾಲಿಗೆಯಿಂದಾಗದು. ಒಂದು ಅಕ್ಷರದ ತಲೆಯ ಮೇಲೆ ಸೊನ್ನೆ, ಇನ್ನೊಂದರ ಮೇಲೆ ಜೋಡಿ ಚುಕ್ಕೆ. ಮಗಳು ಫೋನಿನಲ್ಲಿ ಉಚ್ಚಾರ ಕೇಳಿಸಿದಳು, ಆಕಳಿಸುತ್ತಾ ಯಾರನ್ನೋ ಕರೆದ ಹಾಗಿತ್ತು. ಅದಕ್ಕೇ ನಾನು ಅವಳನ್ನು ಚಳಿಯಕ್ಕ ಎಂದು ಕರೆಯುತ್ತೇನೆ. ನನಗಿಂತ ದೊಡ್ಡವಳು, ಅಕ್ಕ ಎನ್ನಲು ಅಡ್ಡಿಯಿಲ್ಲ.

ಚಳಿಯಕ್ಕ ನನ್ನ ಕೈಗೆ ಬಂದದ್ದು ಗಲ್ಫಿನ ರೀತಿಯಲ್ಲಿ. ಇಲ್ಲಿ ಜನ ಬಿಟ್ಟು ಹೋಗುವಾಗ ಹಿಂದೆ ಒಂದು ಸಂಸಾರದಷ್ಟು ಸಾಮಾನು ಉಳಿಯುತ್ತದೆ. ನಾನು ಕೆಲಸ ಮಾಡುವ ಮುಹರ್ರಕ್‌ನ ಕಾರ್ಗೋ ಆಫೀಸಿನಿಂದ ಒಬ್ಬ ಬಿಳಿಯ ಮ್ಯಾನೇಜರ್ ತನ್ನ ದೇಶಕ್ಕೆ ಹೊರಟಾಗ ಸಾಮಾನನ್ನೆಲ್ಲ ತಂದು ಒಂದು ಮೂಲೆಯಲ್ಲಿಟ್ಟು, ಬೇಕಾದವರು ತೆಗೆದುಕೊಳ್ಳಿ ಎಂದ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಮೈಕ್ರೋವೇವ್, ಇಸ್ತ್ರಿ ಪೆಟ್ಟಿಗೆ, ಗುಲಾಬಿ ಕುಂಡ ಎಲ್ಲ ಮಾಯ. ಉಳಿದದ್ದು ಒಂದು ಕಾರ್ಟನ್ ಪುಸ್ತಕ. ಮೈಕ್ರೋವೇವ್ ಕೈತಪ್ಪಿದ ಸಿಟ್ಟಿಗೆ ಅದನ್ನೇ ಹೊತ್ತು ತಂದೆ. ಇಂಗ್ಲಿಷಿನಲ್ಲಿ ಓದಿ ಅಭ್ಯಾಸವಿರಲಿಲ್ಲ, ಆದರೆ ಚಳಿಯಕ್ಕನ ವಾಕ್ಯಗಳು ಪುಟ್ಟ ಪುಟ್ಟವು. ಮಳೆ ನಿಂತಿತು. ಆತ ಬಾಗಿಲು ತಟ್ಟಿದ. ಯಾರೂ ತೆರೆಯಲಿಲ್ಲ. ಇಷ್ಟೇ. ಅರ್ಧ ಪುಟ ಓದುವಷ್ಟರಲ್ಲಿ ನನ್ನ ಬೆನ್ನಿನಲ್ಲಿ ಚಳಿ ಶುರುವಾಗಿತ್ತು.

ಪುಸ್ತಕದ ಹಿಂಬದಿಯಲ್ಲಿ ಅವಳ ಫೋಟೋ ಉಂಟು. ಎಲ್ಲ ಪುಸ್ತಕಗಳಲ್ಲೂ ಅದೇ ಬೂದು ಸ್ವೆಟರ್, ನಗು ಇಲ್ಲ. ಬಂದರಿನ ಪಕ್ಕದ ಚಿಕ್ಕ ಊರಿನವಳಂತೆ, ಗಂಡ ಮೀನುಗಾರನಂತೆ. ಅಲ್ಲಿಗೇ ನನಗೆ ಅವಳು ನಮ್ಮ ಮಲ್ಪೆ ಕಡೆಯವಳೇ ಆಗಿಬಿಟ್ಟಳು. ವರ್ಷಗಟ್ಟಲೆ ಮನೆಮನೆಗೆ ಅಂಚೆ ಹಂಚಿದ್ದಾಳೆ, ಮಕ್ಕಳು ದೊಡ್ಡವರಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಬರೆಯಲು ಕೂತಿದ್ದಾಳೆ. ಅದಕ್ಕೇ ಇರಬೇಕು, ಅವಳ ಪುಸ್ತಕಗಳಲ್ಲಿ ಬಾಗಿಲುಗಳ ಬಗ್ಗೆ ಅಷ್ಟೊಂದು ವಿವರ. ಯಾರ ಮನೆಯ ಬಾಗಿಲಿನ ಬಣ್ಣ ಎದ್ದಿದೆ, ಯಾರ ಮೆಟ್ಟಿಲಿನ ಹಿಮದ ಮೇಲೆ ಹೆಜ್ಜೆ ಗುರುತಿಲ್ಲ, ಇಂಥದ್ದು. ಅವಳ ಪತ್ತೇದಾರಿಣಿ ನಿವೃತ್ತಿಗೆ ಹತ್ತಿರವಾದ ಹೆಂಗಸು. ಎದೆಯುರಿ ಇದೆ, ಬ್ರೆಡ್ಡನ್ನು ನಿಂತುಕೊಂಡೇ ತಿನ್ನುತ್ತಾಳೆ. ಪಿಸ್ತೂಲು ತೆಗೆದದ್ದನ್ನು ನಾನು ಇದುವರೆಗೆ ನೋಡಿಲ್ಲ. ಅವಳ ಕೆಲಸವೆಲ್ಲ ಕೇಳುವುದು.

ಕೊಂದವರು ಯಾರೆಂದು ಚಳಿಯಕ್ಕ ಅರ್ಧದಲ್ಲೇ ಹೇಳಿಬಿಡುತ್ತಾಳೆ. ಉಳಿದರ್ಧ ಪುಸ್ತಕ ಏಕೆ ಎಂದು ನನಗೂ ಮೊದಮೊದಲು ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು, ಅವಳಿಗೆ ಕೊಂದವನಿಗಿಂತ ಅಕ್ಕಪಕ್ಕದವರ ಮೇಲೆ ಕಣ್ಣು. ಎಲ್ಲ ಪುಸ್ತಕದಲ್ಲೂ ಅದೇ ಕತೆ. ಒಳ್ಳೆಯ ರಸ್ತೆ, ಒಳ್ಳೆಯ ಆಸ್ಪತ್ರೆ, ಸರಕಾರ ಎಲ್ಲರನ್ನೂ ನೋಡಿಕೊಳ್ಳುತ್ತದೆ. ಆದ್ದರಿಂದ ಯಾರೂ ಯಾರನ್ನೂ ನೋಡಿಕೊಳ್ಳಬೇಕಾಗಿಲ್ಲ. ಪಕ್ಕದ ಮನೆಯ ಮುದುಕಿ ವಾರಗಟ್ಟಲೆ ಕಾಣಿಸದಿದ್ದರೂ, ತಂಗಿಯ ಮನೆಗೆ ಹೋಗಿರಬೇಕು ಎಂದುಕೊಂಡು ಸಭ್ಯರಾಗಿ ಸುಮ್ಮನಿರುತ್ತಾರೆ. ಆ ಸಭ್ಯತೆಯೇ ಅವಳ ಪುಸ್ತಕಗಳ ನಿಜವಾದ ಕೊಲೆಗಾರ ಎಂದು ನನ್ನ ತೀರ್ಮಾನ.

ನನ್ನ ಪತ್ತೇದಾರಿ ವಿದ್ಯಾಭ್ಯಾಸ ಶುರುವಾದದ್ದು ಮುಲ್ಕಿಯ ನಮ್ಮ ಜಗಲಿಯಲ್ಲಿ. ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಬೀಡಿ ಕಟ್ಟಲು ಅಲ್ಲಿ ಸೇರುತ್ತಿದ್ದರು. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು. ಕೈ ಅವರದು, ಬಾಯಿ ನನ್ನದು. ಬಾಡಿಗೆಗೆ ತಂದ ಪತ್ತೇದಾರಿ ಕಾದಂಬರಿಯನ್ನು ನಾನು ಗಟ್ಟಿಯಾಗಿ ಓದಬೇಕು. ಎಷ್ಟೋ ಪುಸ್ತಕಗಳಿಗೆ ಕೊನೆಯ ಹಾಳೆಯೇ ಇರುತ್ತಿರಲಿಲ್ಲ. ಆಗ ಪಕ್ಕದ ಮನೆಯ ಜಲಜತ್ತೆ ನೂಲು ಸುತ್ತುತ್ತಲೇ ತೀರ್ಪು ಕೊಡುತ್ತಿದ್ದರು.

"ಕೊಂದದ್ದು ಆ ಡಾಕ್ಟ್ರೇ. ಎಷ್ಟೊತ್ತಿಗೂ ನಗ್ತಾ ಇರ್ತಾನೆ, ನೋಡು. ಕೆಲಸ ಇದ್ದವ ಅಷ್ಟು ನಗ್ತಾನಾ ಮಾರಾಯ್ತಿ?"

ಅದರ ಮೇಲೆ ಅಪೀಲು ಇರಲಿಲ್ಲ. ಇಂಥ ಓಣಿಯಲ್ಲಿ ಚಳಿಯಕ್ಕನ ಒಂದು ಕತೆಯೂ ನಡೆಯುವ ಹಾಗಿರಲಿಲ್ಲ. ಬೆಳಿಗ್ಗೆ ಒಂದು ಬಾಗಿಲು ತೆರೆಯುವುದು ಸ್ವಲ್ಪ ತಡವಾದರೆ ಬೇಲಿಯಾಚೆಯಿಂದ ಜಲಜತ್ತೆಯ ಕೂಗು ಕೇಳುತ್ತಿತ್ತು: "ಎಂತ ಆಯ್ತೇ, ಜ್ವರವಾ, ಜಗಳವಾ?" ಎರಡರಲ್ಲಿ ಒಂದನ್ನು ಹೇಳದೆ ಗತಿಯಿಲ್ಲ. ಚಿಕ್ಕವಳಿದ್ದಾಗ ನನಗೆ ಇದು ಭಾರೀ ಕಿರಿಕಿರಿ. ಪ್ರಾಯಕ್ಕೆ ಬಂದ ಮೇಲಂತೂ, ಬೇರೆಯವರ ಮನೆಯ ಉಸಾಬರಿ ಮಾಡದ ಊರಿಗೆ ಮದುವೆ ಮಾಡಿ ಕೊಡಲಿ ಎಂದು ದೇವರಿಗೆ ಕೈಮುಗಿದದ್ದುಂಟು. ದೇವರು ಬಹರೈನ್‌ಗೆ ಕಳಿಸಿದ.

ಸನದ್‌ನ ನಮ್ಮ ಕಟ್ಟಡದಲ್ಲಿ ಎಲ್ಲ ದೇಶದವರಿದ್ದಾರೆ, ಎಲ್ಲರ ಬಾಗಿಲೂ ಮುಚ್ಚಿರುತ್ತದೆ. ನಮ್ಮ ಪುಣ್ಯಕ್ಕೆ ಎದುರುಮನೆಗೆ ಬಂದದ್ದು ಉಳ್ಳಾಲ ಕಡೆಯ ಬ್ಯಾರಿ ಸಂಸಾರ. ಉಮರಾಕ ಸಲ್ಮಾಬಾದ್‌ನ ಒಂದು ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡುತ್ತಿದ್ದವರು. ಗುದ್ದಿಸಿಕೊಂಡ ಕಾರಿನ ಮೈಯನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಸರಿಮಾಡುವ ಕೆಲಸ. ಅವರ ಹೆಂಡತಿ ಝೊಹರಾ ನನಗಿಂತ ಒಂದೆರಡು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ರಂಜಾನಿನಲ್ಲಿ ಅವಳ ಮನೆಯಿಂದ ನಮಗೆ ತಟ್ಟೆ, ಚೌತಿಗೆ ನಮ್ಮಿಂದ ಅವರಿಗೆ. ನಮ್ಮ ಕಡೆಯ ಕ್ರಮ ನಿಮಗೂ ಗೊತ್ತಿರಬಹುದು, ಪಕ್ಕದ ಮನೆಯಿಂದ ಬಂದ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದು. ಒಂದು ಬಾಳೆಹಣ್ಣಾದರೂ ಇಟ್ಟು ಕೊಡಬೇಕು. ಹಾಗಾಗಿ ನಮ್ಮ ನಡುವೆ ತಟ್ಟೆಗಳ ಓಡಾಟ ನಿಲ್ಲುತ್ತಲೇ ಇರಲಿಲ್ಲ. ಯಾವ ತಟ್ಟೆ ಯಾರದು ಎಂಬುದೇ ಮರೆತುಹೋಗಿತ್ತು.

ಮಗಳ ಬಾಣಂತನಕ್ಕೆಂದು ಊರಿಗೆ ಹೋದ ಝೊಹರಾ, ಅತ್ತೆಗೂ ಹುಷಾರಿಲ್ಲದ್ದರಿಂದ ಅಲ್ಲೇ ಉಳಿಯಬೇಕಾಯಿತು. ಹೊರಡುವ ದಿನ ನನ್ನ ಕೈ ಹಿಡಿದುಕೊಂಡು, "ಅಕ್ಕ, ಇವರಿಗೆ ಸಕ್ಕರೆ ಕಾಯಿಲೆ ಉಂಟು. ಚಹಾ ಬಿಟ್ರೆ ಬೇರೆ ಎಂತ ಮಾಡ್ಲಿಕ್ಕೂ ಬರುದಿಲ್ಲ. ಒಂದು ಕಣ್ಣಿಡಿ" ಎಂದಿದ್ದಳು. ಅಂದಿನಿಂದ ಪ್ರತಿ ಶುಕ್ರವಾರ ಎದುರುಮನೆಗೆ ನನ್ನದೊಂದು ತಟ್ಟೆ. ಉಮರಾಕ ಒಬ್ಬರೇ ಆದರೂ ಕ್ರಮ ತಪ್ಪಿಸಲಿಲ್ಲ. ತಟ್ಟೆಯಲ್ಲಿ ಖರ್ಜೂರ ಬರುತ್ತಿತ್ತು, ಮುಹರ್ರಕ್‌ನ ಹಲ್ವ ಬರುತ್ತಿತ್ತು. ಒಮ್ಮೆ ಏನೂ ಸಿಗದೆ, ಕಾರಿನ ಕನ್ನಡಿಗೆ ನೇತುಹಾಕುವ ಸುವಾಸನೆಯ ಪಟ್ಟಿಯನ್ನು ಇಟ್ಟು ಕೊಟ್ಟಿದ್ದರು. ನಮ್ಮವರು ಅದನ್ನು ಮೂಸಿ, "ಇದನ್ನು ಊಟಕ್ಕೆ ಮೊದಲು ತಿನ್ನುದಾ, ನಂತರವಾ?" ಎಂದು ಕೇಳಿದ್ದರು.

ಹೀಗಿರುವಾಗ ತಟ್ಟೆಗಳು ಬರುವುದು ನಿಂತಿತು.

ಮೊದಲ ವಾರ ಮರೆತಿರಬೇಕು ಎಂದುಕೊಂಡೆ. ಆಮೇಲೆ ಕೊಟ್ಟದ್ದೂ ಬರಲಿಲ್ಲ, ಅದರಾಚೆಯದೂ ಇಲ್ಲ. ಒಂದು ಸಂಜೆ ಮನೆಗೆ ನೆಂಟರು ಬಂದಾಗ ನಾನೂ ಮಗಳೂ ಕಾಗದದ ತಟ್ಟೆಯಲ್ಲಿ ಉಣ್ಣಬೇಕಾಯಿತು. ಬೆಲ್ಲೊತ್ತಿದರೆ ಉಮರಾಕ ಬಾಗಿಲು ತೆರೆಯದೆ ಒಳಗಿನಿಂದಲೇ ಹೇಳುತ್ತಿದ್ದರು: "ಅಲ್ಲೇ ಇಡಿ ಅಕ್ಕ, ನಮಾಜಿಗೆ ನಿಂತಿದ್ದೇನೆ." ನಮಾಜಿಗೆ ನಿಂತವರು ಮಾತಾಡುವುದಿಲ್ಲ ಎಂದು ತಿಳಿಯಲು ಚಳಿಯಕ್ಕ ಬೇಕಾಗಿಲ್ಲ, ಎದುರುಮನೆಯಲ್ಲಿ ಇಷ್ಟು ವರ್ಷ ಇದ್ದರೆ ಸಾಕು. ನನ್ನ ಕಿವಿ ನೆಟ್ಟಗಾಯಿತು.

ಮನೆಯಲ್ಲಿ ವಿಷಯ ಎತ್ತಿದೆ. "ಖಲ್ಲಿವಲ್ಲಿ ಮಾಡು ಮಾರಾಯ್ತಿ, ಬಿಟ್ಟುಬಿಡು" ಎಂದರು ನಮ್ಮವರು. "ನಾಲ್ಕು ತಟ್ಟೆಗೆ ನೀನು ಸಿಐಡಿ ಆಗ್ಬೇಡ."

"ತಟ್ಟೆ ಅಲ್ಲ, ಮನುಷ್ಯ" ಎಂದೆ.

"ಅಮ್ಮಾ, ಇಟ್ಸ್ ಕಾಲ್ಡ್ ಪ್ರೈವೆಸಿ" ಎಂದಳು ಮಗಳು, ಫೋನಿನಿಂದ ತಲೆಯೆತ್ತದೆ.

ಹೌದಲ್ಲ, ಚಳಿಯಕ್ಕನ ಊರಿನವರೂ ಇದನ್ನೇ ಹೇಳುವುದು. ನನಗೆ ಹಠ ಬಂತು. ನನ್ನ ಹಠ ಎಂಥದೆಂದು ನಮ್ಮವರಿಗೆ ಗೊತ್ತು, ಮದುವೆಯಾದ ಹೊಸತರಲ್ಲಿ ಈ ಮರುಭೂಮಿಯಲ್ಲಿ ಬಸಳೆ ಬಳ್ಳಿ ಹಬ್ಬಿಸಿ ತೋರಿಸಿದವಳು ನಾನು. ಮಾರನೆಯ ದಿನದಿಂದಲೇ ತನಿಖೆ ಶುರು ಮಾಡಿದೆ. ಎದುರುಮನೆಯ ಬಾಗಿಲಿನ ಸಂದಿಗೆ ಮೂಗಿಟ್ಟು ಮೂಸಿದೆ. ಹೆಣದ ವಾಸನೆ ಬರಲಿಲ್ಲ, ಸರಿ, ಆದರೆ ಈರುಳ್ಳಿ ಹುರಿದ ವಾಸನೆಯೂ ಇರಲಿಲ್ಲ. ನಾನು ಬಗ್ಗಿ ಮೂಸುತ್ತಿದ್ದಾಗ ಹಿಂದೆ ಬಂದು ನಿಂತ ಕಟ್ಟಡದ ನಾತೂರ್, ಅಂದರೆ ಕಾವಲಿನವ, "ಗ್ಯಾಸ್ ಲೀಕ್ ಹೈ ಕ್ಯಾ ಮೇಡಂ?" ಎಂದು ಗಾಬರಿಯಾದ. ಅವನನ್ನು ಸಮಾಧಾನ ಮಾಡಿ ಕಳಿಸಲು ಸಾಕುಬೇಕಾಯಿತು.

ಎರಡನೆಯ ಸುಳಿವು ಮೆಟ್ಟಿಲ ಮೇಲೆ ಸಿಕ್ಕಿತು. ಉಮರಾಕ ಸಂಜೆ ಗ್ಯಾರೇಜಿನ ನೀಲಿ ಯೂನಿಫಾರಂನಲ್ಲೇ ಬರುತ್ತಿದ್ದರು. ಆದರೆ ಬೆಳಿಗ್ಗೆ ಹಾಕಿದ ಇಸ್ತ್ರಿಯ ಗೆರೆ ಸಂಜೆಗೂ ಹಾಗೇ ಇತ್ತು. ಉಗುರಿನ ಸಂದಿಯಲ್ಲಿ ಮಸಿ ಇಲ್ಲ, ಮೈಯಿಂದ ಪೇಂಟಿನ ವಾಸನೆಯಿಲ್ಲ. "ಇವತ್ತು ಭಾರೀ ಕೆಲಸ ಅಕ್ಕ" ಎಂದು ಅವರಾಗಿಯೇ ಹೇಳಿ, ಕಂಬಿ ಹಿಡಿದುಕೊಂಡು ಮೇಲೆ ಹತ್ತಿದರು. ಮೂರನೆಯದು ನಾನು ಹುಡುಕದೆಯೇ ಕಣ್ಣಿಗೆ ಬಿತ್ತು. ಒಂದು ಮಧ್ಯಾಹ್ನ ಆಫೀಸಿನ ವ್ಯಾನಿನಲ್ಲಿ ಮುಹರ್ರಕ್‌ನ ಕಡಲ ದಂಡೆಯಲ್ಲಿ ಹೋಗುತ್ತಿದ್ದಾಗ, ನೀರಿನ ಪಕ್ಕದ ಕಟ್ಟೆಯ ಮೇಲೆ ಅದೇ ನೀಲಿ ಯೂನಿಫಾರಂ ಕಂಡಿತು. ಇಳಿಯುವ ವಿಮಾನಗಳನ್ನು ನೋಡುತ್ತಾ ಉಮರಾಕ ಒಬ್ಬರೇ ಕೂತಿದ್ದರು.

ಚಳಿಯಕ್ಕನ ಒಂದು ಪುಸ್ತಕದಲ್ಲಿ ಎರಡು ಊರಿನಲ್ಲಿ ಎರಡು ಸಂಸಾರ ಮಾಡುವ ಗಂಡಸೊಬ್ಬನಿದ್ದಾನೆ. ಒಂದು ದಿನ ನನ್ನ ಬುದ್ಧಿ ಆ ಕಡೆಗೂ ಹೋಯಿತು. ಆದರೆ ಉಮರಾಕನ ಪ್ರಾಯ ಅರುವತ್ತರ ಹತ್ತಿರ, ಮೇಲಿನಿಂದ ಮಂಡಿನೋವು, ಒಂದು ಸಂಸಾರದ ಮೆಟ್ಟಿಲು ಹತ್ತುವುದೇ ಅವರಿಗೆ ಕಷ್ಟವಿತ್ತು. ಆ ಊಹೆಯನ್ನು ನಾನೇ ಕೈಬಿಟ್ಟೆ. ಕೆಲಸ ಹೋಗಿದೆ ಎಂದು ಒಳಗೊಳಗೇ ಗೊತ್ತಾಗಿತ್ತು. ಗೊತ್ತಾಗದೇ ಇದ್ದದ್ದು, ಕೆಲಸಕ್ಕೂ ನನ್ನ ತಟ್ಟೆಗೂ ಎಂತ ಸಂಬಂಧ ಎಂಬುದು.

ಆ ಶುಕ್ರವಾರ ಊಟವಾದ ಮೇಲೆ ಎಂದಿನಂತೆ ಪುಸ್ತಕ ಹಿಡಿದೆ. ಒಂಟಿ ಹೆಂಗಸೊಬ್ಬಳು ತನ್ನ ಮನೆಯೊಳಗೇ ಸತ್ತಿದ್ದಾಳೆ, ಪತ್ತೇದಾರಿಣಿ ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಾಳೆ, ನೀವು ಅವಳನ್ನು ಕೊನೆಯದಾಗಿ ನೋಡಿದ್ದು ಯಾವಾಗ. ಒಬ್ಬಾತ ಹೇಳುತ್ತಾನೆ, ಮೆಟ್ಟಿಲ ಮೇಲೆ ನೋಡಿದ್ದೆ, ಕಂಬಿ ಹಿಡಿದುಕೊಂಡು ಹತ್ತುತ್ತಿದ್ದಳು, ಕೇಳುವುದು ಸರಿಯಲ್ಲ ಎನಿಸಿತು. ಅಲ್ಲಿಗೆ ನನಗೆ ಓದಲು ಆಗಲಿಲ್ಲ. ಹಿಂದಿನ ದಿನ ಉಮರಾಕನ ಪ್ಯಾಂಟು ಬೆಲ್ಟಿನ ಕೆಳಗೆ ನೆರಿಗೆ ನೆರಿಗೆಯಾಗಿ ಜೋತಾಡುತ್ತಿದ್ದದ್ದು ಕಣ್ಣಮುಂದೆ ಬಂತು. ಈ ಮನುಷ್ಯ ಆ ಬಾಗಿಲ ಹಿಂದೆ ಕರಗಿಹೋಗುತ್ತಿದ್ದಾನೆ, ನಾನು ಇಲ್ಲಿ ಹೊದಿಕೆ ಹೊದ್ದು ಹಿಮದ ಕತೆ ಓದುತ್ತಿದ್ದೇನೆ!

ಪುಸ್ತಕ ಮುಚ್ಚಿದೆ. ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿ ತಂದು ಉಮರಾಕನ ಬಾಗಿಲ ಎದುರಿಗೇ ಹಾಕಿದೆ. ಖಾಲಿ ಕೈಯಲ್ಲಿ ಕೂರುವುದು ನನಗೆ ಆಗದು, ಆದ್ದರಿಂದ ಒಂದು ಕಟ್ಟು ಅಲಸಂಡೆ, ಪಾತ್ರೆ ಮತ್ತು ಚೂರಿ ಹಿಡಿದುಕೊಂಡು ಕೂತೆ. ಬೆಲ್ಲೊತ್ತಿದೆ.

"ಅಲ್ಲೇ ಇಡಿ ಅಕ್ಕ..."

"ಇಡ್ಲಿಕ್ಕೆ ಎಂತದೂ ತರಲಿಲ್ಲ ಉಮರಾಕ. ನಿಮ್ಮನ್ನು ನೋಡ್ಬೇಕು. ನೋಡದೆ ಇಲ್ಲಿಂದ ಏಳುದಿಲ್ಲ."

"ನಾನು ಮಲಗಿದ್ದೇನೆ. ಸಂಜೆ ಬನ್ನಿ."

"ಸಂಜೆವರೆಗೆ ಸಾಕಾಗುವಷ್ಟು ಅಲಸಂಡೆ ಉಂಟು."

ನಮ್ಮವರು ನಿದ್ದೆಗಣ್ಣಿನಲ್ಲಿ ಹೊರಗೆ ಬಂದು, ನನ್ನನ್ನೂ ಕುರ್ಚಿಯನ್ನೂ ನೋಡಿ, "ಇಲ್ಲಿ ಎಂತಕ್ಕೆ ಕೂತದ್ದು?" ಎಂದರು. ಗಾಳಿಗೆ ಎಂದೆ. ಆ ಕಾರಿಡಾರಿನಲ್ಲಿ ಕಟ್ಟಡ ಕಟ್ಟಿದ ದಿನದಿಂದ ಗಾಳಿ ಬೀಸಿಲ್ಲ. ನನ್ನ ಮುಖ ನೋಡಿ ಅವರು ಒಳಗೆ ಹೋದರು. ಆಮೇಲೆ ಒಂದು ಟೇಬಲ್ ಫ್ಯಾನು ತಂದು, ವಯರು ಎಳೆದು, ನನ್ನತ್ತ ತಿರುಗಿಸಿಟ್ಟು ಹೋದರು. ಇಂಥ ಗಂಡಸನ್ನು ಕಟ್ಟಿಕೊಂಡದ್ದಕ್ಕೆ ನನಗೆ ಆವಾಗಾವಾಗ ಸಂತೋಷವಾಗುವುದುಂಟು.

ಬೆನ್ನು ಬೆವರಿ ಕುರ್ಚಿಗೆ ಅಂಟಿಕೊಂಡಿತು. ಮೇಲಿನ ಮನೆಯವರು ಇಳಿದು ಹೋಗುವಾಗ ನನ್ನನ್ನೂ ಫ್ಯಾನನ್ನೂ ಸುತ್ತಿಕೊಂಡು ಹೋದರು. ನಾಚಿಕೆಯಾಯಿತು, ಆದರೂ ಏಳಲಿಲ್ಲ. ಪಾತ್ರೆ ಅರ್ಧ ತುಂಬುವಾಗ ಒಳಗೆ ಚಿಲಕ ಸರಿಯಿತು.

ಉಮರಾಕನ ಕೆನ್ನೆ ಒಳಗೆ ಹೋಗಿತ್ತು. ರಜೆಯ ದಿನವಾದರೂ ಮೈಮೇಲೆ ಅದೇ ಯೂನಿಫಾರಂ. ಅವರ ಹಿಂದೆ ಊಟದ ಮೇಜಿನ ಮೇಲೆ ನನ್ನ ತಟ್ಟೆಗಳೆಲ್ಲ ತೊಳೆದು ಒರೆಸಿ ಒಂದರ ಮೇಲೊಂದು ಇಟ್ಟಿದ್ದವು.

"ತಟ್ಟೆ ಕೊಡ್ಲಿಕ್ಕೆ ಬರ್ಬೇಕು ಅಂತಲೇ ಇದ್ದೆ ಅಕ್ಕ" ಎಂದರು. "ಖಾಲಿ ಹೇಗೆ ಕೊಡುದು? ನಮ್ಮ ಉಮ್ಮ ಒಂದು ದಿನ ಹಾಗೆ ಮಾಡಿದವರಲ್ಲ. ಮುಂದಿನ ವಾರ ಎಂತಾದ್ರೂ ಇಟ್ಟು ಕೊಡುವ ಅಂತ. ಅಷ್ಟರಲ್ಲಿ ನೀವು ಮತ್ತೊಂದು ತಂದ್ರಿ."

ಗ್ಯಾರೇಜು ಬೇರೆಯವರ ಕೈಗೆ ಹೋಗಿ, ಬಂದವರು ತಮ್ಮದೇ ಜನ ಇಟ್ಟುಕೊಂಡಿದ್ದರಂತೆ. ಬೆಳಿಗ್ಗೆ ಮನೆಯಲ್ಲೇ ಕೂತರೆ ನಾಲ್ಕು ಜನ ಕೇಳುತ್ತಾರೆಂದು ಇವರು ದಿನಾ ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಹೊರಟು, ಬಸ್ಸು ಹತ್ತಿ, ಕಡಲ ಬದಿಯಲ್ಲಿ ಕೂತು ಬರುತ್ತಿದ್ದರು. ಶುಕ್ರವಾರದ ನನ್ನ ತಟ್ಟೆ ಬಿಟ್ಟರೆ ಉಳಿದ ದಿನ ಖುಬ್ಬೂಸ್ ರೊಟ್ಟಿ, ಹಾಲಿಲ್ಲದ ಚಹಾ. ಖಾಲಿ ತಟ್ಟೆಯ ನಾಚಿಕೆಗೆ ಬಾಗಿಲು ತೆರೆಯದೆ ಇರುವುದು, ಹಸಿವಾದಾಗ ಹೊರಗಿಟ್ಟದ್ದನ್ನು ಎತ್ತಿಕೊಳ್ಳುವುದು. ತಟ್ಟೆ ಹೆಚ್ಚಿದಷ್ಟೂ ಬಾಗಿಲು ತೆರೆಯುವುದು ಕಷ್ಟವಾಯಿತು. ಇಂಥ ಕತೆ ಹಿಮದ ಊರಿನಲ್ಲಿ ಹುಟ್ಟಲಿಕ್ಕಿಲ್ಲ, ಇದಕ್ಕೆ ನಾವೇ ಬೇಕು.

"ಝೊಹರಾಗೆ ಹೇಳಿದ್ದೀರಾ?"

"ಇಲ್ಲ. ಅವಳಿಗೆ ಅಲ್ಲಿ ಉಮ್ಮ, ಮಗು, ಬಾಣಂತಿ... ಇದನ್ನೂ ಎಲ್ಲಿ ಹೊರಿಸುದು?"

"ಈಗ ಹೇಳಿ. ನನ್ನ ಎದುರೇ ಹೇಳಿ. ಹೇಳದೆ ನಾನು ತಟ್ಟೆಯೂ ತಕ್ಕೊಳ್ಳುದಿಲ್ಲ, ಕುರ್ಚಿಯೂ ತೆಗೆಯುದಿಲ್ಲ."

ಅವರು ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ತಿರುಗುತ್ತಿದ್ದ ಫ್ಯಾನನ್ನು ನೋಡಿದರು. ಇವಳು ಎದ್ದು ಹೋಗುವವಳಲ್ಲ ಎಂದು ಖಾತ್ರಿಯಾಗಿರಬೇಕು. ಫೋನು ತೆಗೆದು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಬ್ಯಾರಿ ಭಾಷೆಯಲ್ಲಿ ಮಾತಾಡತೊಡಗಿದರು. ನನಗೆ ಅರ್ಧ ಅರ್ಥವಾಗುತ್ತದೆ. ಕೆಲಸ ಎಂಬ ಮಾತು ಬರುತ್ತಲೇ ಅವರ ಸ್ವರ ನಿಂತುಹೋಯಿತು. ನಾನು ಹತ್ತಿರ ಹೋಗಿ, "ಝೊಹರಾ, ನಾನು ವಾರಿಜಕ್ಕ. ಉಮರಾಕ ಹೇಳ್ತಾ ಇರುದು ಎಂತ ಅಂದ್ರೆ..." ಎಂದು ಶುರು ಮಾಡಿದೆ.

"ನನಗೆ ಗೊತ್ತುಂಟು ಅಕ್ಕ" ಎಂದಳು ಝೊಹರಾ.

ಇಬ್ಬರೂ ಫೋನನ್ನೇ ನೋಡಿದೆವು.

"ದಿನಾ ಚಹಾದ ಹೊತ್ತಿಗೆ ನಾನು ಫೋನ್ ಮಾಡುದು. ಯಾವಾಗಲೂ ಹಿಂದೆ ಢಣಢಣ ಸುತ್ತಿಗೆ ಶಬ್ದ, ಇವರು ಬೊಬ್ಬೆ ಹೊಡೆದೇ ಮಾತಾಡುದು. ಈಗ ಮೆಲ್ಲ ಮಾತಾಡ್ತಾರೆ. ಹಿಂದೆ ವಿಮಾನ ಹೋಗ್ತದೆ. ಗ್ಯಾರೇಜಿನಲ್ಲಿ ವಿಮಾನ ಎಲ್ಲಿಂದ ಅಕ್ಕ?"

"ಮತ್ತೆ ಕೇಳ್ಲಿಲ್ಲ ಯಾಕೆ ನೀನು?"

"ಅವರಾಗಿ ಹೇಳ್ಲಿ ಅಂತ ಕಾದೆ. ಮನಸ್ಸಿಗೆ ನೋವಾಗ್ತದಲ್ವಾ, ಕೇಳಿದ್ರೆ." ಅವಳ ಸ್ವರವೂ ಒದ್ದೆಯಾಗಿತ್ತು. ಆಮೇಲೆ ಗಂಡನಿಗೆ ಏನೋ ಗದರಿದಳು. ಊರಿನ ಮನೆಗೆ ಬರಲಿಕ್ಕೆ ಎಂತ ನಾಚಿಕೆ, ಇದು ಯಾರ ಮನೆ, ಎಂಬಷ್ಟು ನನಗೆ ತಿಳಿಯಿತು. ಉಮರಾಕ ಹೂಂ ಹೂಂ ಎನ್ನುತ್ತಾ ತೋಳಿನಿಂದ ಕಣ್ಣೊರೆಸಿಕೊಂಡರು.

ಚಳಿಯಕ್ಕನ ಪುಸ್ತಕದಲ್ಲಾಗಿದ್ದರೆ ಇಷ್ಟೆಲ್ಲ ತಿಳಿಯುವುದು ಹೆಣ ಎತ್ತಿದ ಮೇಲೆ. ಉಮರಾಕನ ಮರ್ಯಾದೆ ಉಳಿಯಲಿ ಎಂದು ಝೊಹರಾ ಸುಮ್ಮನೆ, ಅವಳ ನೆಮ್ಮದಿ ಉಳಿಯಲಿ ಎಂದು ಇವರು ಸುಮ್ಮನೆ. ಪ್ರೀತಿ ಇದ್ದವರೂ ಹೀಗೆ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಚಳಿಯಕ್ಕನಿಗೆ ಒಂದು ಕಾರ್ಡು ಬರೆದು ಹಾಕಬೇಕೆಂದುಕೊಂಡಿದ್ದೇನೆ. ಇಂಗ್ಲಿಷ್ ತಪ್ಪಾದರೂ ಚಿಂತೆಯಿಲ್ಲ, ಅಂಚೆ ಹಂಚಿದವಳು, ಅರ್ಥ ಮಾಡಿಕೊಳ್ಳುತ್ತಾಳೆ.

"ಅಕ್ಕ" ಎಂದು ಝೊಹರಾ ಮತ್ತೆ ಕರೆದಳು. "ಅವರು ಊಟ ಮಾಡಿದ್ರಾ?"

ನಾನು ಉಮರಾಕನ ಮುಖ ನೋಡಿದೆ. ಅವರು ಹೌದೆಂದು ಹೇಳಿ ಎನ್ನುವಂತೆ ತಲೆಯಾಡಿಸಿದರು.

"ಇಲ್ಲ" ಎಂದೆ.

"ಹಾಗಾದ್ರೆ ಈಗ ನಿಮ್ಮ ಮನೆಗೆ ಕರ್ಕೊಂಡು ಹೋಗಿ ಹಾಕಿ. ಫೋನ್ ಕಟ್ ಮಾಡ್ಬೇಡಿ ಅಕ್ಕ. ಅವರು ಉಣ್ಣುದು ನನಗೆ ಕೇಳ್ಬೇಕು."

ಕರೆದುಕೊಂಡು ಬಂದೆ. ನಮ್ಮವರು ಕುರ್ಚಿ ಎಳೆದುಕೊಟ್ಟರು, ಮಗಳು ನೀರಿಟ್ಟಳು. ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ನಿಲ್ಲಿಸಿ, ಬಂಗುಡೆ ಮೀನಿನ ಪುಳಿಮುಂಚಿ ಎಂದು ಫೋನಿಗೂ ಹೇಳಿ, ಬಿಸಿ ಅನ್ನದ ಜೊತೆ ಬಡಿಸಿದೆ. ಉಮರಾಕ ಮೊದಲ ತುತ್ತನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು, ಆಮೇಲೆ ಉಣ್ಣತೊಡಗಿದರು. ಕಡಲಾಚೆಯಿಂದ ಅವಳ ಮನೆಯ ಮಗು ಅಳುವುದೊಂದು ಸಣ್ಣಗೆ ಕೇಳುತ್ತಿತ್ತು. ತಟ್ಟೆ ಖಾಲಿಯಾಗುತ್ತಾ ಬಂದಾಗ ನಾನು ಇನ್ನಷ್ಟು ಅನ್ನ ಹಾಕಿ, ಪಾತ್ರೆಯೊಳಗೆ ಢಣ್ಣೆಂದು ಸೌಟು ಇಳಿಸಿದೆ.

"ಪುಳಿಮುಂಚಿ ಕಮ್ಮಿ ಹಾಕಿ ಅಕ್ಕ" ಎಂದಿತು ಫೋನು. "ಅವರಿಗೆ ಅಷ್ಟು ಖಾರ ಆಗುದಿಲ್ಲ."